ಬಿಚ್ಚಿದ ಶಾಲು

ಬಾಗಿಲು ತಳ್ಳಿ ಒಳಗೆ ಬಂದ ಅಂಚೆಯಮ್ಮನಿಗೆ ಮೊದಲು ಕಂಡದ್ದು ನೆಲದ ತುಂಬ ಹರಡಿದ್ದ ನೀಲಿ ಉಣ್ಣೆ ದಾರ. ಮೇಜಿನ ಕಾಲಿಗೆ ಸುತ್ತಿಕೊಂಡು, ಚಪ್ಪಲಿಯ ಮೇಲೆ ಹಾದು, ಮಂಚದ ಕೆಳಗೆ ನುಸುಳಿ ಮತ್ತೆ ಹೊರಗೆ ಬಂದಿತ್ತು. "ಹಾಳು ಬೆಕ್ಕು!" ಎಂದು ಬೈದ ಮೇಲೆ, ಈ ಮನೆಯಲ್ಲಿ ಬೆಕ್ಕೇ ಇಲ್ಲವೆಂಬುದು ನೆನಪಾಯಿತು. ಒಗೆದ ಹೊದಿಕೆಗಳ ಚೀಲವನ್ನು ಎದೆಗೆ ಅವುಚಿಕೊಂಡು ದಾರದ ಜಾಡು ಹಿಡಿದು ಕಣ್ಣು ಹಾಯಿಸಿದಳು. ಅದು ಕಿಟಕಿಯ ಪಕ್ಕದ ಕುರ್ಚಿಯವರೆಗೆ ಹೋಗಿತ್ತು.

ಕುರ್ಚಿಯಲ್ಲಿ ಕೂತಿದ್ದರು ಚರ್ಚಿನ ಹಾಡುಗಳಿಗೆ ಆರ್ಗನ್ ನುಡಿಸುವ ಆರ್ಗನ್ ಅಕ್ಕ. ಮಡಿಲಲ್ಲಿ ಅಂಚೆಯಮ್ಮ ಹೆಣೆದುಕೊಟ್ಟಿದ್ದ ಶಾಲು. ಈಗ ಅದನ್ನು ಶಾಲು ಅನ್ನುವ ಹಾಗೂ ಇರಲಿಲ್ಲ, ಅರ್ಧವಷ್ಟೇ ಉಳಿದಿತ್ತು. ಅಕ್ಕ ದಾರದ ತುದಿ ಹಿಡಿದು ಮೆಲ್ಲಗೆ ಎಳೆಯುತ್ತಿದ್ದರು. ಕುಣಿಕೆಗಳು ಒಂದರ ಹಿಂದೊಂದು ಪುಟಪುಟನೆ ಬಿಚ್ಚಿಕೊಳ್ಳುತ್ತಿದ್ದವು.

ತಲೆಯೆತ್ತಿದವರ ಮುಖ ಸಕ್ಕರೆ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದ ಮಗುವಿನ ಹಾಗಾಯಿತು. "ಇವತ್ತು ನಿನ್ನ ಸರದೀನಾ?" ಎಂದರು.

"ಹೂಂ ಅಕ್ಕಾ."

"ನಾಳೆ ಅಂದ್ಕೊಂಡಿದ್ದೆ."

ಅಂಚೆಯಮ್ಮ ದಾರ ತುಳಿಯದ ಹಾಗೆ ಕಾಲೆತ್ತಿ ಇಡುತ್ತ ಹೋಗಿ ಬೀರುವಿನಲ್ಲಿ ಹೊದಿಕೆಗಳನ್ನು ಜೋಡಿಸಿದಳು. ನೀರಿನ ಹೂಜಿ ತುಂಬಿದಳು. ಕಿಟಕಿ ತೆರೆಯಲೇ ಎಂದು ಕೇಳಿ, ಅವರು ಬೇಡ ಅಂದಮೇಲೂ ತೆರೆದಳು. ಬೀದಿಗೆ ಬಂದು ಅರ್ಧ ದಾರಿ ನಡೆದ ಮೇಲೆ ಚೀಲವನ್ನು ಅಲ್ಲೇ ಮರೆತದ್ದು ತಿಳಿಯಿತು. ವಾಪಸು ಹೋಗಲಿಲ್ಲ.

ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳಾದ್ದರಿಂದ ಚರ್ಚಿನಲ್ಲಿ ಎಲ್ಲರಿಗೂ ಅವಳು ಅಂಚೆಯಮ್ಮ. ಚರ್ಚಿನ ಹೆಂಗಸರ ಸೇವಾ ಕೂಟ ವಾರಕ್ಕೊಮ್ಮೆ ಹಿಂದಿನ ಕೋಣೆಯಲ್ಲಿ ಸೇರುತ್ತಿತ್ತು. ಹುಟ್ಟಿದ ಕೂಸುಗಳಿಗೆ ಟೋಪಿ, ಹಾಸಿಗೆ ಹಿಡಿದವರಿಗೆ ಶಾಲು, ಅನಾಥಾಲಯದ ಮಕ್ಕಳಿಗೆ ಸ್ವೆಟರು. ಯಾರಿಗಾಗಿ ಹೆಣೆಯುತ್ತಾರೋ ಅವರ ಹೆಸರು ಹಿಡಿದು ಪ್ರಾರ್ಥಿಸುತ್ತ ಹೆಣೆಯಬೇಕೆಂಬುದು ಕೂಟದ ರೂಢಿ. ನಡುನಡುವೆ ಸೊಸೆಯರ ವಿಚಾರ, ಮಂಡಿನೋವಿನ ವಿಚಾರವೂ ಬರುತ್ತಿತ್ತು, ಅದು ಬೇರೆ ಮಾತು.

ಆರ್ಗನ್ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ, ಕೂಟದವರು ಸರದಿಯ ಮೇಲೆ ಹೋಗಿ ನೋಡಿಕೊಳ್ಳುವುದೆಂದಾಯಿತು. ಶಾಲು ಯಾರು ಹೆಣೆಯುತ್ತೀರಿ ಎಂದು ಕೂಟದ ಅಧ್ಯಕ್ಷೆ ಕೇಳಿದ್ದರು. ಅಂಚೆಯಮ್ಮನ ಕೈ ತಾನಾಗಿ ಮೇಲೆದ್ದಿತ್ತು. ಎಲ್ಲರೂ ಒಮ್ಮೆ ಅವಳ ಕಡೆ ನೋಡಿದರು. ನೋಡದೆ ಏನು? ವರ್ಷಗಳ ಹಿಂದೆ ಅವಳನ್ನು ಗಾಯನ ತಂಡದಿಂದ ತೆಗೆದುಹಾಕಿದ್ದವರು ಇದೇ ಅಕ್ಕ. ಆರ್ಗನ್ನಿನಿಂದ ಕೈ ತೆಗೆದು, ತುಂಬಿದ ತಂಡದ ಮುಂದೆ, "ನೀನು ಬಾಯಾಡಿಸು ಸಾಕು, ದನಿ ಬೇಡ" ಅಂದಿದ್ದರು. ಮುಂದಿನ ವಾರ ಅವಳು ಹೋಗಲಿಲ್ಲ. ಯಾಕೆ ಬರಲಿಲ್ಲವೆಂದು ಅಕ್ಕ ಕೇಳಲೂ ಇಲ್ಲ. ಆಮೇಲೆ ಇಬ್ಬರ ನಡುವೆ ಉಳಿದದ್ದು ಚರ್ಚಿನ ಬಾಗಿಲಿನ ನಮಸ್ಕಾರವೊಂದೇ.

ಶಾಲು ಹೆಣೆಯುವಾಗ ಅಂಚೆಯಮ್ಮ ನಿಜವಾಗಿಯೂ ಪ್ರಾರ್ಥಿಸಿದ್ದಳು. ಮೊದಮೊದಲು ಹಲ್ಲು ಕಚ್ಚಿ, ಆಮೇಲೆ ಮೆಲ್ಲಗೆ. ಅಂಚು ಕಟ್ಟುವಾಗ ಮನಸ್ಸು ಹಗುರಾಗಿತ್ತು. ಕ್ಷಮಿಸಿಬಿಟ್ಟೆ ಎಂದುಕೊಂಡಿದ್ದಳು. ಈಗ ನೋಡಿದರೆ ಹೀಗೆ.

ಮನೆಯಲ್ಲಿ ಗಂಡ ಅಡುಗೆಮನೆಯ ನಲ್ಲಿ ಬಿಚ್ಚಿಟ್ಟುಕೊಂಡು ಕೂತಿದ್ದ. ಬಸ್ಸು ಓಡಿಸುವುದು ಬಿಟ್ಟಮೇಲೆ ಮನೆಯಲ್ಲಿ ಸರಿಯಾಗಿರುವುದನ್ನೆಲ್ಲ ರಿಪೇರಿ ಮಾಡುವುದು ಅವನ ಕೆಲಸವಾಗಿತ್ತು. ನಡೆದದ್ದನ್ನೆಲ್ಲ ಹೇಳಿದಳು.

"ಸೊಂಟಕ್ಕೆ ಬಿಗಿಯಾಗಿತ್ತೇನೋ," ಎಂದ.

"ಶಾಲುರೀ ಅದು! ಶಾಲು ಯಾರಿಗಾದ್ರೂ ಬಿಗಿಯಾಗುತ್ತಾ?"

"ಹಂಗಾದ್ರೆ ಯಾಕೆ ಬಿಚ್ಚಿದ್ರಿ ಅಂತ ಕೇಳ್ಬೇಕಿತ್ತು."

"ಕೇಳಿದ್ರೆ ಹೇಳಿಬಿಟ್ರೆ?"

ಗಂಡ ಸ್ಪ್ಯಾನರನ್ನು ಕೆಳಗಿಟ್ಟು ಅವಳ ಮುಖ ನೋಡಿದ. "ನಿಂಗೆ ಸಿಟ್ಟು ಬಂದಿದೆಯೋ, ಅಳು ಬಂದಿದೆಯೋ?"

"ಅದೇ ಗೊತ್ತಾಗ್ತಿಲ್ಲ," ಎಂದಳು. ಅದು ನಿಜವೇ ಆಗಿತ್ತು. ಪಾತ್ರೆ ತೊಳೆಯಲು ಹೋಗಿ, ನಲ್ಲಿಯಿಲ್ಲದ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು.

ಭಾನುವಾರದ ಆರಾಧನೆ ಮುಗಿಯುವ ಹೊತ್ತಿಗೆ ಅಧ್ಯಕ್ಷೆ ಎದ್ದು ನಿಂತು ಪ್ರಕಟಣೆ ಓದಿದರು. ಹಿಂದೆ ಅವರು ಶಾಲೆಯ ಮುಖ್ಯೋಪಾಧ್ಯಾಯಿನಿ. ಪ್ರಕಟಣೆಯನ್ನೂ ಪಾಠದ ಹಾಗೆಯೇ ಓದುತ್ತಿದ್ದರು. ಆರಾಧನೆಯ ನಂತರ ಪಾಸ್ಟರೊಂದಿಗೆ ಕೂಟದ ಕೆಲವರು ಆರ್ಗನ್ ಅಕ್ಕನ ಮನೆಗೆ ಹೋಗಿ ಪ್ರಾರ್ಥಿಸುವುದು. ಅಕ್ಕ ಶಾಲು ಹೊದ್ದ ಫೋಟೋ ತೆಗೆದು ಚರ್ಚಿನ ಪತ್ರಿಕೆಯಲ್ಲಿ ಹಾಕುವುದು.

ಎಲ್ಲರಿಗೂ ಗೊತ್ತಾಗಲಿ, ತಕ್ಕ ಶಾಸ್ತಿಯಾಗುತ್ತದೆ ಎಂದು ಅಂಚೆಯಮ್ಮನ ಒಂದು ಮನಸ್ಸು. ಆ ಮನಸ್ಸು ಮಾತು ಮುಗಿಸುವಷ್ಟರಲ್ಲಿ ಅವಳು ಬೆಂಚಿನಿಂದ ಎದ್ದು, ಪಕ್ಕದವರ ಮಂಡಿಗಳನ್ನು ತಾಗಿಸಿಕೊಂಡು ಹೊರಗೆ ಬಂದಾಗಿತ್ತು. ಬೀದಿಯಲ್ಲಿ ಹೆಚ್ಚುಕಡಿಮೆ ಓಡಿದಳು. ಓಡುತ್ತಿರುವುದು ಅಕ್ಕನನ್ನು ಉಳಿಸಲೋ ತನ್ನನ್ನೋ ಎಂದು ಯೋಚಿಸಲು ಹೊತ್ತಿರಲಿಲ್ಲ.

ಅಕ್ಕನ ಮಡಿಲಲ್ಲಿ ಶಾಲು ಇನ್ನೂ ಚಿಕ್ಕದಾಗಿತ್ತು. ಈಗ ಅದನ್ನು ಒಂದು ಕರವಸ್ತ್ರ ಅನ್ನಬಹುದಿತ್ತು, ಅಷ್ಟೇ.

"ಪಾಸ್ಟರು ಬರ್ತಿದ್ದಾರೆ. ಫೋಟೋ ತೆಗೀತಾರಂತೆ. ಶಾಲು ಹೊದ್ದುಕೊಂಡು."

ಅಕ್ಕ ಮಡಿಲಿನ ಕಡೆ ನೋಡಿಕೊಂಡರು. "ಇದನ್ನ ತಲೆ ಮೇಲೆ ಇಟ್ಕೊಬಹುದು," ಎಂದರು.

ನಗು ಬಂತು. ನಕ್ಕದ್ದಕ್ಕೆ ಅಂಚೆಯಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು. "ಯಾಕೆ ಬಿಚ್ಚಿದ್ರಿ ಅಕ್ಕಾ?"

"ಒಂದು ಎಳೆ ಸಡಿಲ ಇತ್ತು ಕಣೆ. ಸರಿಮಾಡೋಣ ಅಂತ ಎಳೆದೆ. ಬಂತು. ಇನ್ನೂ ಎಳೆದೆ." ಅಕ್ಕ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಅಷ್ಟೇ ಅಲ್ಲ ಅನ್ಸುತ್ತೆ. ಬೆಳಗಾದ್ರೆ ಒಬ್ರು ಬರ್ತಾರೆ, ತಲೆ ಬಾಚ್ತಾರೆ. ಇನ್ನೊಬ್ರು ಬಂದು ಉಣ್ಣಿಸ್ತಾರೆ, ನನ್ನ ಕೈಗೇನೂ ಆಗಿಲ್ಲ ಅಂದ್ರೂ ಕೇಳಲ್ಲ. ಎಲ್ರೂ ಒಳ್ಳೇವ್ರು. ಒಳ್ಳೇವ್ರ ಮಧ್ಯೆ ಬೆಳಗಿಂದ ಸಂಜೆವರೆಗೆ ಕೂತಿರೋದು ಹೆಂಗಿರುತ್ತೆ ಗೊತ್ತಾ ನಿಂಗೆ?"

"ನನ್ನ ಶಾಲೇ ಬೇಕಾಗಿತ್ತಾ ಅದಕ್ಕೆ?"

ಅಕ್ಕ ಕಿಟಕಿಯ ಕಡೆ ತಿರುಗಿದರು. "ನಿನ್ನನ್ನ ತಂಡದಿಂದ ತೆಗೆದವಳು ನಾನು. ನೀನು ನೋಡಿದ್ರೆ ಹಿಂಗೆ ಹೆಣೆದು ತಂದುಕೊಟ್ಟೆ. ಹೊದ್ದುಕೊಂಡ್ರೆ ಭಾರ ಆಗ್ತಿತ್ತು. ಸೆಖೆ ಇರ್ಬೇಕು ಅಂದ್ಕೊಂಡೆ. ಸೆಖೆಯೂ ಇತ್ತು, ಸುಳ್ಳು ಹೇಳ್ಬಾರ್ದು."

ಇದು ಕ್ಷಮೆ ಕೇಳಿದ್ದೋ, ಬೈದದ್ದೋ ಎಂದು ಅಂಚೆಯಮ್ಮ ಲೆಕ್ಕ ಹಾಕುತ್ತಿದ್ದಾಗಲೇ ಬಾಗಿಲು ಬಡಿದ ಸದ್ದಾಯಿತು.

ಮೊದಲು ಅಧ್ಯಕ್ಷೆ ಬಂದರು, ಅವರ ಹಿಂದೆ ಕೂಟದ ಇಬ್ಬರು, ಕೊನೆಗೆ ಹೊಸದಾಗಿ ಬಂದಿದ್ದ ಯುವ ಪಾಸ್ಟರು. ಅಧ್ಯಕ್ಷೆಯ ಕಣ್ಣು ನೆಲದ ದಾರದಿಂದ ಅಕ್ಕನ ಮಡಿಲಿಗೆ, ಮಡಿಲಿನಿಂದ ಅಂಚೆಯಮ್ಮನಿಗೆ ಹೋಯಿತು.

"ಏನಿದು?"

"ಉದ್ದ ಸಾಲ್ಲಿಲ್ಲ ಮೇಡಂ," ಎಂದಳು ಅಂಚೆಯಮ್ಮ. ಮಾತು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. "ಬಿಚ್ಚಿ ದೊಡ್ಡದು ಮಾಡೋಣ ಅಂತ ನಾನೇ..."

"ಅವಳಲ್ಲ, ನಾನು ಬಿಚ್ಚಿದ್ದು," ಎಂದರು ಅಕ್ಕ.

ಅಧ್ಯಕ್ಷೆಯ ಮುಖ ಕೆಂಪಾಯಿತು. "ಇಡೀ ಕೂಟ ಪ್ರಾರ್ಥನೆ ಮಾಡಿ ಹೆಣೆದದ್ದು ಇದು. ಆ ಪ್ರಾರ್ಥನೆಯನ್ನೇ ಬಿಚ್ಚಿಹಾಕಿದ ಹಾಗಲ್ವಾ?"

ಅಕ್ಕ ತಟ್ಟನೆ ಮಡಿಲಿನ ದಾರವನ್ನು ಎರಡೂ ಕೈಯಲ್ಲಿ ಬಾಚಿಕೊಂಡರು. ಆ ಮುಖದಲ್ಲಿ ಹೆದರಿಕೆಯನ್ನು ಅಂಚೆಯಮ್ಮ ಎಂದೂ ಕಂಡಿರಲಿಲ್ಲ. "ಹಾಗಾಗುತ್ತಾ ಪಾಸ್ಟರೇ?"

ಪಾಸ್ಟರು ಬೈಬಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. "ನಂಗೆ ಗೊತ್ತಿಲ್ಲಮ್ಮ," ಎಂದರು. "ಇದನ್ನ ಯಾರೂ ಕಲಿಸಿಲ್ಲ ನಂಗೆ."

ಆಮೇಲೆ ಪ್ರಾರ್ಥನೆಯಾಯಿತು. ನಡುವೆ ಎರಡು ಸಲ ತಡವರಿಸಿ ಪಾಸ್ಟರು ಬೇಗನೆ ಆಮೆನ್ ಅಂದರು. ಫೋಟೋದ ಮಾತು ಯಾರೂ ಎತ್ತಲಿಲ್ಲ. ಹೊರಡುವಾಗ ಅಧ್ಯಕ್ಷೆ ಬಾಗಿಲಲ್ಲಿ ತಿರುಗಿ, "ನೀವು ಬರಲ್ವಾ?" ಎಂದು ಅಂಚೆಯಮ್ಮನನ್ನು ಕೇಳಿದರು.

"ನನ್ನ ಚೀಲ ಇಲ್ಲೇ ಉಳಿದಿದೆ," ಎಂದಳು. ಚೀಲ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ತೆಗೆದುಕೊಂಡು ಹೋಗಲು ಕ್ಷಣವೂ ಬೇಕಿರಲಿಲ್ಲ. ಅಧ್ಯಕ್ಷೆ ಅದನ್ನು ನೋಡಿ, ಬಾಗಿಲೆಳೆದುಕೊಂಡು ಹೊರಟುಹೋದರು.

ಅಂಚೆಯಮ್ಮ ಕೂರಲೂ ಇಲ್ಲ, ಹೊರಡಲೂ ಇಲ್ಲ. ಸಿಟ್ಟು ಇನ್ನೂ ಹಾಗೇ ಇತ್ತು, ಬೇಕಾದರೆ ಮುಟ್ಟಿ ನೋಡಬಹುದಾದಷ್ಟು. ಆದರೆ ಅದು ಯಾರ ಮೇಲೆಂಬುದು ಮಾತ್ರ ಬರಬರುತ್ತ ಕಲಸಿಹೋಗುತ್ತಿತ್ತು. "ಸುಳ್ಳು ಯಾಕೆ ಹೇಳ್ದೆ?" ಎಂದು ಅಕ್ಕ ಕೇಳಿದರು.

"ನೀವು ನಿಜ ಯಾಕೆ ಹೇಳಿದ್ರಿ?"

ಅಕ್ಕ ಉಳಿದಿದ್ದ ತುಂಡನ್ನು ನೋಡಿ, ಅನುಮಾನಿಸಿ, ಮತ್ತೆ ದಾರ ಎಳೆಯತೊಡಗಿದರು. ಅಂಚೆಯಮ್ಮ ಬೇಡ ಅನ್ನಲಿಲ್ಲ. ಕೊನೆಯ ಸಾಲೂ ಬಿಚ್ಚಿಕೊಂಡು, ನೆಲದ ತುಂಬ ಬರೀ ಸುರುಳಿ ಸುರುಳಿ ದಾರ ಉಳಿಯಿತು.

"ಸ್ವಲ್ಪ ಕೈ ಕೊಡ್ತೀಯಾ? ಹಿಂಗೇ ಬಿಟ್ರೆ ಗಂಟಾಗುತ್ತೆ."

ಅಂಚೆಯಮ್ಮ ಮಣೆಯೊಂದನ್ನು ಎಳೆದುಕೊಂಡು ಅವರ ಎದುರು ಕೂತು, ಎರಡೂ ಕೈ ಮುಂದೆ ಚಾಚಿದಳು. ಅಕ್ಕ ಅವಳ ಮಣಿಕಟ್ಟುಗಳಿಗೆ ದಾರವನ್ನು ಸುತ್ತುತ್ತ ಹೋದರು. ಆರ್ಗನ್ನಿನ ಮೇಲೆ ಓಡಾಡಿದ ಬೆರಳುಗಳು, ಎಲ್ಲೂ ತೊಡರಲಿಲ್ಲ.

"ಏನು ಹೆಣೀತೀರಿ ಇದರಲ್ಲಿ?"

"ನಂಗೆ ಕಾಲುಚೀಲ ಬಿಟ್ರೆ ಇನ್ನೇನೂ ಬರಲ್ಲ. ಅದೂ ಒಂದು ದೊಡ್ಡದು, ಒಂದು ಚಿಕ್ಕದು ಆಗುತ್ತೆ." ಅಕ್ಕ ಕೆಳಗೆ ನೋಡಿದರು. "ನಿನ್ನ ಕಾಲು ತೋರ್ಸು."

"ನಂಗ್ಯಾಕೆ? ಕೂಟಕ್ಕೆ ಕೊಡಿ, ಮಕ್ಕಳಿಗಾಗುತ್ತೆ."

"ತೋರ್ಸು ಅಂದೆ."

ಅಂಚೆಯಮ್ಮ ಚಪ್ಪಲಿ ಬಿಟ್ಟು, ಸೀರೆಯ ಅಂಚಿನಿಂದ ಪಾದವನ್ನು ಚೂರು ಹೊರಗೆ ಹಾಕಿದಳು. ಹಿಮ್ಮಡಿ ಒಡೆದಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದಾಗ ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಮೇಲೇರಿಸಲು ಕೈ ಎತ್ತಹೋದಳು. ಎರಡೂ ಕೈ ದಾರದಲ್ಲಿ ಸಿಕ್ಕಿಕೊಂಡಿದ್ದವು.

"ಅಲ್ಲಾಡ್ಬೇಡ," ಎಂದು ಅಕ್ಕ ಕುರ್ಚಿಯ ತೋಳು ಹಿಡಿದು, ಸೊಂಟದ ನೋವಿಗೆ ಹಲ್ಲು ಕಚ್ಚಿ ಮುಂದಕ್ಕೆ ಬಾಗಿದರು. ತೋರುಬೆರಳಿನಿಂದ ಕನ್ನಡಕವನ್ನು ಮೆಲ್ಲಗೆ ಅದರ ಜಾಗಕ್ಕೆ ಏರಿಸಿ, ದಾರ ಸುತ್ತುವುದನ್ನು ಮುಂದುವರಿಸಿದರು.