ಮುಳುಗಿದ ಹಡಗಿನ ಚಹಾ ಕಿಟಕಿ

ದಡಕ್ಕೂ ದ್ವೀಪಕ್ಕೂ ನಡುವೆ ಓಡಾಡುತ್ತಿದ್ದ ಹಳೆಯ ಹಡಗಿನಲ್ಲಿ ಅತ್ತೆ ಆಯುಷ್ಯದ ಮುಕ್ಕಾಲು ಪಾಲು ಚಹಾ ಮಾರಿದ್ದರು. ಹಡಗಿಗೆ ಮುಪ್ಪಡರಿದಾಗ, ಮೀನುಗಳಿಗೆ ಆಸರೆಯಾಗಲೆಂದು ಅದರ ಎಣ್ಣೆ ಜಿಡ್ಡನ್ನೆಲ್ಲ ತೊಳೆದು, ಬೇಕೆಂದೇ ಕಡಲಲ್ಲಿ ಮುಳುಗಿಸಿದವರ ತಂಡದಲ್ಲಿ ಸೊಸೆಯೂ ಇದ್ದಳು; ನೀರಿನಡಿಯ ಈಜು ಕಲಿಸುವುದೇ ಅವಳ ಕಸುಬು. ಅಂದಿನಿಂದ ಅತ್ತೆಯ ಬಾಯಲ್ಲಿ ಅವಳು ‘ಮನೆಮುಳುಕಿ’. ಅಡುಗೆಮನೆಯಲ್ಲಿ ಇಬ್ಬರ ಮಾತು ಉಪ್ಪು, ಸಕ್ಕರೆಗಳನ್ನು ದಾಟುತ್ತಿರಲಿಲ್ಲ.

“ಒಂದ್ಸಲ ಬಂದು ನೋಡಿ ಅತ್ತೆ. ಆಮೇಲೆ ಬೈದ್ರೂ ಸರಿ,” ಎಂದು ಸೊಸೆ ಅಂಗಲಾಚಿದಳು.

“ನೋಡ್ದೆ ಬೈಯೋದ್ರಲ್ಲೇ ಸುಖ ಕಣೆ,” ಎಂದರೂ ಅತ್ತೆ ವೈದ್ಯರ ಒಪ್ಪಿಗೆ ಪಡೆದರು. ಈಜುಕೊಳದಲ್ಲಿ ನಳಿಗೆ ಕಚ್ಚಿ ಉಸಿರಾಡುವುದನ್ನೂ ಹಟ ಹಿಡಿದು ಕಲಿತರು.

ಹಡಗಿನ ಮೇಲಂತಸ್ತು ಎರಡಾಳು ಆಳದಲ್ಲಷ್ಟೇ ಇತ್ತು. ದೋಣಿಯಿಂದ ಸೊಸೆಯ ಕೈ ಹಿಡಿದು ಇಳಿದ ಅತ್ತೆಗೆ ಮೊದಲು ಕಂಡದ್ದೇ ತಮ್ಮ ಚಹಾ ಕಿಟಕಿ. ಅದರ ಮುಂದೆ ಹಳದಿ ಮೀನುಗಳು ಮುಂಜಾನೆಯ ಗಿರಾಕಿಗಳಂತೆ ನೂಕಾಡುತ್ತಿದ್ದವು. ಒಳಗೊಂದು ದಡೂತಿ ಮೀನು “ತಡೀರಿ, ಇನ್ನೂ ಕುದೀಲಿ” ಎನ್ನುವಂತೆ ಬಾಯಿ ತೆರೆದು ಮುಚ್ಚುತ್ತಿತ್ತು. ಅತ್ತೆಗೆ ನಗು ತಡೆಯಲಾಗಲಿಲ್ಲ. ಗುಳ್ಳೆಗಳು ಬುಳುಬುಳನೆ ಎದ್ದವು. ಅವರು ಸೊಸೆಯತ್ತ ತಿರುಗಿ ಹೆಬ್ಬೆರಳನ್ನು ಎತ್ತಿ ತೋರಿಸಿದರು.

ಸೊಸೆಯ ಮುಖ ಕಪ್ಪಿಟ್ಟಿತು. ಮರುಗಳಿಗೆಯೇ ಅತ್ತೆಯ ಮೊಣಕೈ ಹಿಡಿದು, ಮೆಲ್ಲಮೆಲ್ಲನೆ ಮೇಲಕ್ಕೆ ಕರೆತಂದಳು.

“ಏನಾಯ್ತತ್ತೆ? ಎದೆ ಹಿಡೀತಾ?”

“ಹಿಡಿಯೋದೇನು! ಯಾಕೆ ಎಳ್ಕೊಂಡು ಬಂದೆ?”

“ನೀವೇ ಹೆಬ್ಬೆರಳು ಎತ್ತಿದ್ರಲ್ಲ! ನೀರೊಳಗೆ ಅದಕ್ಕೆ ‘ಮೇಲೆ ಹೋಗೋಣ’ ಅಂತ ಅರ್ಥ. ಕೊಳದಲ್ಲಿ ಬಾಯಿ ನೋಯೋಷ್ಟು ಹೇಳಿದ್ದೆ!”

“ಆ ಗಳಿಗೇಲಿ ನಿನ್ನ ಕೊಳ ಯಾರಿಗೆ ನೆನಪಿರುತ್ತೆ?”

“ಸೆಳೆತ ಜೋರಾಗ್ತಿದೆ, ಇಬ್ರೂ ಹತ್ತಿ! ಇವತ್ತಿಗೆ ಸಾಕು,” ಎಂದು ದೋಣಿಯವನು ಕೂಗಿದ.

ಸೊಸೆಯ ದನಿ ಕುಸಿಯಿತು. “ಅಷ್ಟು ಆಸೆಯಿಂದ ಬಂದಿದ್ರಿ, ನಾನೇ ಕೆಡಿಸ್ದೆ. ನೋಡೋಕಾಗ್ದೆ ಸಂಕಟ ಆಯ್ತೇನೋ ಅಂದ್ಕೊಂಡೆ.”

ಅತ್ತೆ ಏಣಿ ಹಿಡಿದು ತೇಲುತ್ತ ಕೇಳಿದರು: “ಹಾಗಾದ್ರೆ ಅಲ್ಲಿ ಭೇಷ್ ಅನ್ನೋಕೆ ಏನ್ಮಾಡ್ಬೇಕಿತ್ತು?”

“ಬೆರಳು ಉಂಗುರ ಮಾಡಿ ತೋರಿಸ್ಬೇಕು. ‘ನಾನು ಚೆನ್ನಾಗಿದ್ದೀನಿ’ ಅಂತ.”

“ಅದಲ್ಲ ಕಣೆ. ನಾನು ಚೆನ್ನಾಗಿದ್ದೀನಿ ಅಂತ ಅಲ್ಲ. ನೀನು ಚೆನ್ನಾಗಿ ಮಾಡಿದೀಯ ಅಂತ.”

ಸೊಸೆ ಈಜುಗನ್ನಡಕವನ್ನು ಮತ್ತೆ ಕಣ್ಣಿಗೆಳೆದುಕೊಂಡಳು. ಅತ್ತೆ ಅವಳನ್ನು ಏಣಿಯ ಕಡೆಗೆ ಮೃದುವಾಗಿ ನೂಕಿದರು.

“ಅತ್ತಿದ್ದು ಸಾಕು, ಹತ್ತು. ನಾಳೆ ಸೆಳೆತ ಏಳೋಕ್ಕಿಂತ ಮುಂಚೆ ಬರೋಣ.”