ಎಡಗೈ ಕತ್ತರಿ

ಕತ್ತರಿ ಬಟ್ಟೆಯನ್ನು ಕತ್ತರಿಸಲಿಲ್ಲ, ಅಗಿಯಿತು. ಹಳೆಯ ಅಸ್ತರಿನ ತುಂಡೊಂದರ ಮೇಲೆ ಕೈ ಪಳಗಿಸಲು ಹೋದ ಎಡಚಿ ಅಲ್ಲೇ ಕೈ ನಿಲ್ಲಿಸಿದಳು. ಎಡಗೈಯಲ್ಲೇ ಎಲ್ಲ ಕೆಲಸ ಮಾಡುವವಳೆಂದು ಟೈಲರ್ ಅಂಗಡಿಯಲ್ಲಿ ಅವಳಿಗೆ ಆ ಹೆಸರು. ಊಟಕ್ಕೆ ಮುಂಚೆ ಮಾಸ್ಟರ್ ಎದುರು ಮಖಮಲ್ಲಿನ ಕೋಟಿನ ಬಟ್ಟೆಗೆ ಕತ್ತರಿ ಹಾಕಬೇಕಿತ್ತು. ಕೈ ಸರಿಯಾಗಿ ಓಡಿದರೆ ಕಟಿಂಗ್ ಮೇಜು ಅವಳದು. ಇಲ್ಲದಿದ್ದರೆ ಮತ್ತೆ ಗುಂಡಿ ಹಚ್ಚುತ್ತ ಕೂರಬೇಕು. ಕಣ್ಣು ಮಂಜಾಗುತ್ತಿದ್ದ ಮಾಸ್ಟರ್ ಆ ಮೇಜನ್ನು ಯಾರಿಗಾದರೂ ಬಿಟ್ಟುಕೊಡಲೇಬೇಕಿತ್ತು.

ತನ್ನ ಕತ್ತರಿಯನ್ನು ಬೆಳಕಿಗೆ ಹಿಡಿದಳು. ತಿರುಪಿನ ಸಂದಿಯಲ್ಲಿ ಕಂದು ಕಾಗದದ ನಾರು. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಬಾರದೆಂದು ಅಂಗಡಿ ಗುಡಿಸುವವರಿಗೂ ಗೊತ್ತು. ಯಾರೋ ಬೇಕೆಂತಲೇ, ಅದು ಮೊಂಡಾಗುವವರೆಗೆ ಬಿಡದೆ ಕತ್ತರಿಸಿದ್ದರು.

ಯಾರೋ ಏನು, ಕಾಲರ್ ಅಣ್ಣನೇ. ಕಾಲರ್ ಹೊಲಿಯುವುದರಲ್ಲಿ ಎತ್ತಿದ ಕೈ, ಮಾತಿನಲ್ಲಿ ಬರೀ ಸೂಜಿ. ಮಾಸ್ಟರ್ ಆ ಮೇಜಿಗೆ ಅವಳ ಹೆಸರೆತ್ತಿದ ದಿನವೇ, "ಎಡಗೈಯವರು ಕತ್ತರಿಸಿದ ಕೋಟು ಎಡಕ್ಕೇ ವಾಲುತ್ತೆ" ಎಂದು ಎಲ್ಲರ ಮುಂದೆ ನಕ್ಕಿದ್ದ. ಅವತ್ತಿನಿಂದ ಅವಳಿಗೆ ನೆಮ್ಮದಿಯಿಲ್ಲ. ಬಾಬಿನ್ ಕಾಣೆಯಾದರೂ ಅವನೇ, ಸೀಮೆಸುಣ್ಣ ಮುರಿದರೂ ಅವನೇ.

"ಆ ಮನುಷ್ಯ ನಿನ್ನ ಕಾಲೆಳೀತಾನೆ ಕಣೇ, ಹುಷಾರು," ಎಂದು ಕಾಜಾ ಅಕ್ಕನೂ ಎಚ್ಚರಿಸುತ್ತಿದ್ದಳು. ಗುಂಡಿಯ ಕಾಜಾ ಹೊಲಿಯುವ ಆಕೆ ಅಂಗಡಿಯಲ್ಲಿ ಎಲ್ಲರಿಗಿಂತ ಹಳಬಳು. ಊಟದ ಡಬ್ಬಿ ಎರಡಿದ್ದರೂ ಅವಳೂ ಎಡಚಿಯೂ ಕೈಹಾಕುತ್ತಿದ್ದುದು ಒಂದಕ್ಕೇ.

ಎಡಚಿ ನೆಟ್ಟಗೆ ಕಾಲರ್ ಅಣ್ಣನ ಮಿಷನ್ ಮುಂದೆ ಹೋಗಿ ನಿಂತಳು.

"ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಮಿಷನ್‌ಗಳೆಲ್ಲ ಒಂದೊಂದಾಗಿ ನಿಂತವು. ಅವನು ಕತ್ತರಿ ಇಸಿದುಕೊಂಡು ತಿರುಗಿಸಿ ನೋಡಿದ. ಸಿಟ್ಟಾಗಲಿಲ್ಲ, ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

"ಬಾಯಿಗೆ ಬಂದಿದ್ದು ಅಂತೀನಿ, ನಿಜ. ಆದ್ರೆ ಕಸುಬಿನ ಸಾಮಾನು ಮುಟ್ಟೋನಲ್ಲ. ಇದು ಎಡಗೈ ಕತ್ತರಿ. ಬಲಗೈಲಿ ಹಿಡಿದು ಅಷ್ಟು ಕಾಗದ ಕತ್ತರಿಸಿದ್ರೆ ಹಿಡಿಕೆ ಹೆಬ್ಬೆರಳನ್ನ ಕೊರೆದುಹಾಕುತ್ತೆ. ನೋಡು."

ಚಾಚಿದ ಕೈಯಲ್ಲಿ ಒಂದು ಗೀರೂ ಇರಲಿಲ್ಲ. ಎಡಚಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಮೊದಲು ಸಾಣೆ ಹಿಡಿಸಿಕೊಂಡು ಬಾ," ಎಂದರು ಮಾಸ್ಟರ್. "ಜಗಳ ಆಮೇಲೆ."

ಬೀದಿ ತಿರುವಿನ ಸಾಣೆಯವನ ಚಕ್ರದ ಮುಂದೆಯೂ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಡಿಯವರ ಕೈಗಳನ್ನೆಲ್ಲ ನೆನಪಿಗೆ ತಂದುಕೊಂಡಳು. ಇಸ್ತ್ರಿಯವನದೋ? ಪ್ಯಾಂಟು ಹೊಲಿಯುವವನದೋ? ಕಾಜಾ ಅಕ್ಕನ ಕೈಯನ್ನು ಮಾತ್ರ ನೆನೆಯಲೇ ಇಲ್ಲ.

ವಾಪಸು ಬಂದಾಗ ಮಖಮಲ್ಲು ಮೇಜಿನ ಮೇಲೆ ಹಾಸಿತ್ತು. ಗೆರೆ ಎಳೆದು, ಸೀಮೆಸುಣ್ಣದ ಕೈ ಒರೆಸಿಕೊಳ್ಳಲು ಕತ್ತರಿ ಕೆಳಗಿಟ್ಟಳು. ಕಾಜಾ ಅಕ್ಕ ಅದನ್ನೆತ್ತಿ ಮುಂದೆ ಹಿಡಿದಳು.

"ತಗೋ ಕಣೇ. ಧೈರ್ಯವಾಗಿ ಕತ್ತರಿಸು."

ಅವಳ ಬಲ ಹೆಬ್ಬೆರಳಿನ ಬುಡಕ್ಕೆ ಚಿಂದಿ ಸುತ್ತಿತ್ತು.

"ಇಸ್ತ್ರಿ ತಾಗಿತು," ಎಂದಳು ಅಕ್ಕ, ಯಾರೂ ಕೇಳದೆಯೇ.

ಮೇಜು ಕೈತಪ್ಪಿದ್ದರೂ ಎಡಚಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಕೂಗಾಡಬೇಕೆನ್ನಿಸಿತು. ಬೆಳಗಿನ ಕೂಗಾಟ ನೆನಪಾಗಿ ಹಲ್ಲು ಕಚ್ಚಿಕೊಂಡಳು.

"ಇದನ್ನ ಎಡಗೈಲಿ ಹಿಡೀಬೇಕು ಅಕ್ಕಾ," ಎಂದಳು.

ಅಂಗಡಿಗೆ ಅಂಗಡಿಯೇ ಆ ಹೆಬ್ಬೆರಳನ್ನು ನೋಡಿತು. ಅಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟು ಕೈ ಹಿಂದೆಳೆದುಕೊಂಡಳು.

"ಇಷ್ಟು ವರ್ಷದಿಂದ ಇದ್ದೀನಿ. ಆ ಮೇಜು ನಿನಗೆ ಬೇಕಾ ಅಂತ ನನ್ನ ಒಬ್ಬರೂ ಕೇಳಲಿಲ್ಲ," ಎಂದು ತನ್ನ ಸ್ಟೂಲಿಗೆ ಹೋಗಿ ಕೂತಳು. ಮಾಸ್ಟರ್ ಕನ್ನಡಕ ಒರೆಸತೊಡಗಿದರು.

ಮಖಮಲ್ಲು ಜಾರುವ ಬಟ್ಟೆ. ಎದುರಿಗೆ ನಿಂತು ಯಾರಾದರೂ ಹಿಡಿಯಬೇಕು. ಯಾವಾಗಲೂ ಹಿಡಿಯುತ್ತಿದ್ದವಳು ಅಕ್ಕ. ಎಡಚಿ ಆ ಖಾಲಿ ಜಾಗವನ್ನೇ ನೋಡುತ್ತ ನಿಂತಿದ್ದಾಗ ಕಾಲರ್ ಅಣ್ಣ ಎದ್ದು ಬಂದು ತುದಿ ಹಿಡಿದ.

"ಕತ್ತರಿಸು," ಎಂದ. "ಎಡಕ್ಕೆ ವಾಲಿದ್ರೆ ಮಾತ್ರ ಬಿಡಲ್ಲ."

ಕತ್ತರಿ ಗೆರೆ ತಪ್ಪದೆ ಸಾಗಿತು. ಮೇಜು ತನ್ನದಾಯಿತೆಂದು ಎಡಚಿಗೆ ಅರ್ಧ ದಾರಿಯಲ್ಲೇ ಗೊತ್ತಾಯಿತು. ಇವತ್ತು ಊಟಕ್ಕೆ ಯಾರ ಪಕ್ಕ ಕೂರುವುದೆಂದು ಮಾತ್ರ ಗೊತ್ತಾಗಲಿಲ್ಲ.