ಕಂಕುಳಿನ ಟವಲು

ಬ್ಯಾಕೋಡಿನ ಗೇಣಿದಾರ ಹೂವಪ್ಪ, ಸಾಗರದಲ್ಲೊಂದು ಮನೆ ಕೊಂಡು ಬಾಡಿಗೆಗೆ ಬಿಡೋಣವೆಂದು, ಹೆಂಡತಿ ದುಗ್ಗಮ್ಮನೊಂದಿಗೆ ಅದನ್ನು ನೋಡಲು ಬಂದ. ಬಂದವನೇ ಚಪ್ಪಲಿಯನ್ನು ಬೇಲಿಯಾಚೆ ಬಿಟ್ಟು, ಟವಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಂಗಳದಲ್ಲೇ ನಿಂತುಬಿಟ್ಟ. ಒಡೆಯರ ಮನೆ ಮುಂದೆ ನಿಂತು ನಿಂತು ಬಂದ ಅಭ್ಯಾಸ.

"ಗ್ರಾಚಾರವೇ! ಮನೆ ಯಜಮಾನ ಆಗೋರು ಹಿಂಗಾ ನಿಲ್ಲೋದು? ಟವಲು ಹೆಗಲ ಮೇಲೆ ಹಾಕ್ಕಳಿ!" ದುಗ್ಗಮ್ಮ ಸಿಡುಕಿದಳು.

ಅಷ್ಟರಲ್ಲಿ ಆ ಮನೆಯಲ್ಲಿ ಬಾಡಿಗೆಗಿದ್ದ ದರ್ಜಿ ಅಂಜನಪ್ಪ ಹೊರಬಂದ. ಮನೆ ಕೊಳ್ಳುವವರೆಂದು ತಿಳಿದದ್ದೇ ಅವನ ಹೆಗಲ ಟವಲೂ ಕಂಕುಳಿಗಿಳಿಯಿತು.

"ನಮ್ಮನ್ನ ಬಿಡಿಸ್ತೀರಾ ಒಡೆಯಾ?"

ಒಡೆಯನಾದವನು ಏನು ಮಾತಾಡಬೇಕೋ ಎಂದು ದಾರಿಯುದ್ದಕ್ಕೂ ಅಳುಕಿದ್ದ ಹೂವಪ್ಪನ ಎದೆ ಹಗುರಾಯಿತು. ಈ ಪ್ರಶ್ನೆಗೆ ಯಾವ ಉತ್ತರ ಬೇಕೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಬಿಡಿಸಲ್ಲ ಮಾರಾಯ್ರೇ," ಎಂದ. "ಮೊದ್ಲು ಆ ಟವಲು ಹೆಗಲ ಮೇಲೆ ಹಾಕ್ಕಳಿ."